ಒಂದು ಚುಕ್ಕೆ, ಒಂದು ಎಳೆತ: ದಕ್ಕೆ ಜೀವಂತ!

ಮಂಗಳೂರಿನ ಮೀನು ಬಂದರು ದಕ್ಕೆಯ ಮುಂಜಾನೆಯನ್ನು ಜಲವರ್ಣದಲ್ಲಿ ಹಿಡಿಯಬೇಕೇ? ಹಾಗಾದರೆ ಒಬ್ಬ ಮನುಷ್ಯನನ್ನೂ ಪೂರ್ತಿ ಬಿಡಿಸಬೇಡಿ! ಬೋಟುಗಳ ಸಾಲು, ಬಂಗುಡೆ-ಬೂತಾಯಿಯ ರಾಶಿ, ಏಲಂ ಕೂಗು, ಬುಟ್ಟಿ ಹೊತ್ತ ಹೆಂಗಸರು, ಮಂಜುಗಡ್ಡೆಯ ಗಾಡಿ... ಒಂದೊಂದನ್ನೇ ತಿದ್ದಿ ತೀಡಲು ಹೊರಟರೆ ಗದ್ದಲವೇ ಸತ್ತುಹೋಗುತ್ತದೆ. ಕುಂಚವನ್ನು ಸಡಿಲ ಬಿಡಿ, ಜನ ತಾವಾಗಿಯೇ ನಡೆದಾಡತೊಡಗುತ್ತಾರೆ!

ಹೇಗಿದು? ನಮ್ಮ ಕಣ್ಣು ನಿಚ್ಚಳವಾಗಿ ಕಾಣುವುದು ನೋಟದ ನಟ್ಟನಡುವಿನ ಸುಮಾರು 2 ಡಿಗ್ರಿಯನ್ನು ಮಾತ್ರ. ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು! ಸುತ್ತಲಿನದೆಲ್ಲ ಮಸುಕು, ಅದನ್ನು ತುಂಬಿಕೊಳ್ಳುವುದು ಮಿದುಳು. ಅಂದರೆ ಬಣ್ಣದ ಒರಟು ಗುರುತುಗಳೇ ಜನಜಂಗುಳಿಯ ನಿಜವಾದ ನೋಟ!

1874ರಲ್ಲಿ ಪ್ಯಾರಿಸ್ಸಿನ ಬೀದಿಯ ಜನರನ್ನು ಚಿತ್ರಕಾರ ಕ್ಲಾಡ್ ಮೊನೆ ಬರೀ ಕಪ್ಪು ಗೀಟುಗಳಾಗಿ ತೋರಿಸಿದಾಗ ವಿಮರ್ಶಕ ಲೂಯಿ ಲೆರಾಯ್ ಗೇಲಿ ಮಾಡಿದ. ಇಂದು ನೋಡಿ, ಆ ಗೀಟುಗಳು ಇನ್ನೂ ಓಡಾಡುತ್ತಿವೆ! ನಮ್ಮ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ. ಕೆ. ಹೆಬ್ಬಾರರಂತೂ ಕೆಲವೇ ರೇಖೆಗಳಲ್ಲಿ ಕುಣಿತವನ್ನೇ ಹಿಡಿದರು. ಎಷ್ಟು ಕಡಿಮೆ ಗೆರೆ, ಎಷ್ಟೊಂದು ಚಲನೆ!

ದಕ್ಕೆಯಲ್ಲಿ ನಿಂತು ಕಣ್ಣು ಕಿರಿದು ಮಾಡಿ. ನೂರಾರು ಜನ ಮಾಯ. ನೆರಳು-ಬೆಳಕಿನ ಎರಡು ಮೂರು ದೊಡ್ಡ ತುಂಡುಗಳಷ್ಟೇ ಉಳಿಯುತ್ತವೆ. ದಪ್ಪ ಕುಂಚದಲ್ಲಿ ಮೊದಲು ಅವನ್ನೇ ಹಚ್ಚಿ. ಆಮೇಲೆ ತಲೆಗೊಂದು ಚುಕ್ಕೆ, ಮೈಗೊಂದು ಎಳೆತ, ಒಂದು ಕಾಲು ತುಸು ಗಿಡ್ಡ. ಹೆಜ್ಜೆ ಹಾಕಿಯೇಬಿಟ್ಟ! ಇನ್ನೂ ದೊಡ್ಡ ಬೆರಗು ಮುಂದಿದೆ: ಸಮತಟ್ಟು ನೆಲದಲ್ಲಿ ನಿಂತು ನೋಡುವಾಗ ಹತ್ತಿರದವರ ತಲೆ, ದೂರದವರ ತಲೆ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿರುತ್ತವೆ, ದೂರವನ್ನು ಹೇಳುವುದು ಪಾದಗಳು! ಒಬ್ಬರ ನೆರಳು ಒದ್ದೆಯಿರುವಾಗಲೇ ಪಕ್ಕದವರ ನೆರಳಿಗೆ ಹರಿಯಲಿ. ಬಿಡಿ ಬಿಡಿ ಜನ ಕ್ಷಣದಲ್ಲೇ ಗುಂಪಾಗುತ್ತಾರೆ.

ನಾವು ದಿನವೂ ಬಯ್ಯುವ ಕರಾವಳಿಯ ತೇವದ ಗಾಳಿಯೇ ಇಲ್ಲಿ ವರ! ಕಾಗದ ಬೇಗ ಒಣಗದು. ಬಣ್ಣದೊಳಗೆ ಬಣ್ಣ ಹಬ್ಬಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ರಥಬೀದಿಯಲ್ಲೋ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲೋ ಕೈ ಪಳಗಿಸಿಕೊಳ್ಳಿ. ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿದು ದಕ್ಕೆ ತುಂಬುವಾಗ ನೀವೂ ಸಿದ್ಧ. ಒಂದು ದಪ್ಪ ಕುಂಚ, ಮೂರು ಬಣ್ಣ ಸಾಕು. ಎಲ್ಲವನ್ನೂ ಹೇಳಿಬಿಡುವ ಆಸೆಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ!