ಅಜ್ಜಿಗೆ ಹೊಸ ಮುಖ ಬೇಡ

ಹಳೆಯ ಕಪ್ಪು-ಬಿಳುಪು ಫೋಟೊದಲ್ಲಿ ಅಜ್ಜಿಯಾಗಿ ಕಾಣುವುದು ಬೆಳ್ಳಿಯ ಸೂಕ್ಷ್ಮ ಕಣಗಳು. ಅವನ್ನು ಕಾಗದದ ಮೇಲೆ ಹಿಡಿದಿಟ್ಟಿರುವುದು ಜೆಲಾಟಿನ್ ಪದರ. ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಈ ಅಂಟು ಬೂಷ್ಟಿಗೂ ಹುಳಕ್ಕೂ ಒಳ್ಳೆಯ ಊಟ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೇವ ಕುಡಿದು ಉಬ್ಬಿ, ಫ್ರೇಮಿನ ಗಾಜಿಗೇ ಹತ್ತಿಕೊಳ್ಳುತ್ತದೆ. 1970–80ರ ದಶಕದ ಬಣ್ಣದ ಫೋಟೊಗಳ ಪಾಡೇ ಬೇರೆ. ಪೆಟ್ಟಿಗೆಯ ಕತ್ತಲಲ್ಲಿಟ್ಟರೂ ಹಸಿರು-ನೀಲಿ ಬಣ್ಣ ಮೊದಲು ಮಾಸಿ, ಮದುವೆಮನೆಯೆಲ್ಲ ಕೆಂಪಾಗುತ್ತದೆ.

ಇಂಥ ಫೋಟೊ ಕೈಗೆ ಬಂದಾಗ ಬಲ್ಲವರು ಮೂಲಕ್ಕೆ ಕೈ ಹಚ್ಚುವುದಿಲ್ಲ. ಗಾಜಿಗೆ ಹತ್ತಿದ್ದನ್ನು ಕಿತ್ತರೆ ಮುಖ ಗಾಜಿನಲ್ಲೇ ಉಳಿದುಬಿಡಬಹುದು. ಆದ್ದರಿಂದ ಗಾಜಿನ ಸಮೇತ ಸ್ಕ್ಯಾನ್ ಮಾಡುತ್ತಾರೆ. ಸಾಮಾನ್ಯವಾಗಿ 600 ಡಿಪಿಐ, ತೀರ ಚಿಕ್ಕದಾದರೆ 1200. ಮುಂದಿನ ಕೆಲಸವೆಲ್ಲ ಆ ನಕಲಿನ ಮೇಲೆ. ಫೋಟೊಶಾಪ್‌ಗೆ 2002ರಲ್ಲಿ ಬಂದ ಹೀಲಿಂಗ್ ಬ್ರಷ್‌ನಿಂದ ಗೀರು, ಚುಕ್ಕೆ, ಮಡಿಕೆಯ ಗುರುತು ಬೇಗ ಹೋಗುತ್ತವೆ. ಗೋಡೆ, ಪರದೆ, ಸೀರೆಯ ನೆರಿಗೆ ತುಂಬುವುದೂ ಕಷ್ಟವಲ್ಲ.

ಕಷ್ಟ ಬರುವುದು ಕಣ್ಣೋ ತುಟಿಯೋ ಪೂರ್ತಿ ಅಳಿದಾಗ. ಒಳ್ಳೆಯ ಕೆಲಸಗಾರರು ಆಗ ಅದೇ ವ್ಯಕ್ತಿಯ ಇನ್ನೊಂದು ಫೋಟೊ ಕೇಳುತ್ತಾರೆ. ಎಐ ಕೇಳುವುದಿಲ್ಲ. 2021ರಲ್ಲಿ ಬಂದು ಜನಪ್ರಿಯವಾದ ಜಿಎಫ್‌ಪಿ-ಗ್ಯಾನ್ ಎಂಬ ಎಐ ಸಾಧನ ಕಲಿತದ್ದು ಅಂತರ್ಜಾಲದಿಂದ ಆಯ್ದ 70,000 ಮುಖಚಿತ್ರಗಳಿಂದ. ಮಸುಕು ಮುಖ ಕೊಟ್ಟರೆ ಅದು ಕ್ಷಣದಲ್ಲಿ ಸ್ಫುಟವಾದ ಮುಖ ಕೊಡುತ್ತದೆ. ಆದರೆ ಆ ರೆಪ್ಪೆ, ಆ ಹಲ್ಲಿನ ಸಾಲು ನಮ್ಮ ಮನೆಯವರದ್ದೇ ಆಗಬೇಕೆಂದಿಲ್ಲ.

ಬಣ್ಣ ತುಂಬುವಾಗಲೂ ಎಚ್ಚರ ಬೇಕು. ಹಿಂದಿನ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಹಾಗಾಗಿ ಕೆಂಪು ಕುಂಕುಮ ಅದರಲ್ಲಿ ಕಪ್ಪು ಬೊಟ್ಟು, ಕೆಂಪು ಧಾರೆ ಸೀರೆ ಕಪ್ಪು ಸೀರೆ. ಸೀರೆಯ ನಿಜ ಬಣ್ಣ ಹೇಳಬಲ್ಲವರು ಮನೆಯ ಹಿರಿಯರು ಮಾತ್ರ.

ದುರಸ್ತಿಗೆ ಕೊಟ್ಟವರು ಮೂರನ್ನು ಮರೆಯದೆ ಕೇಳಿ ಪಡೆಯಬೇಕು: ಮೂಲ ಫೋಟೊ, ಏನೂ ತಿದ್ದದ ಸ್ಕ್ಯಾನ್, ತಿದ್ದಿದ ಪ್ರತಿ. ಮೂಲವನ್ನು ಅಂಟು ಹಾಳೆಯ ಆಲ್ಬಂನಲ್ಲಿ ಸಿಕ್ಕಿಸದೆ, ಆಮ್ಲರಹಿತ ಕಾಗದದ ಲಕೋಟೆಯಲ್ಲಿ, ತೇವವಿಲ್ಲದ ಕಡೆ ಇಡಿ. ತಿದ್ದಿದ ಪ್ರತಿಯಲ್ಲಿ ಎಲ್ಲೆಲ್ಲಿ ಊಹೆಯಿಂದ ತುಂಬಿದೆ ಎಂಬುದನ್ನೂ ಬರೆಸಿಕೊಳ್ಳಿ. ಇಲ್ಲದಿದ್ದರೆ ಮೊಮ್ಮಕ್ಕಳು ಆ ಊಹೆಯನ್ನೇ ಅಜ್ಜಿಯೆಂದು ನಂಬುತ್ತಾರೆ.