ಹುಂಡಿಗಳ ಊರು ಮೆದೀನಾ ದೆಲ್ ಕಾಂಪೊ

ಸ್ಪೇನ್ ದೇಶದ ಬಹುತೇಕ ಊರುಗಳಲ್ಲಿ ಭಾನುವಾರವೆಂದರೆ ಅಂಗಡಿಗಳಿಗೆ ರಜೆಯ ದಿನ. ಮೆದೀನಾ ದೆಲ್ ಕಾಂಪೊ ಎಂಬ ಸಣ್ಣ ಪಟ್ಟಣದಲ್ಲಿ ಮಾತ್ರ ಈ ಕ್ರಮ ತಿರುವುಮುರುವು. ಇಲ್ಲಿನ ವರ್ತಕರು ಭಾನುವಾರ ಅಂಗಡಿ ತೆರೆಯುತ್ತಾರೆ, ಗುರುವಾರ ಮುಚ್ಚುತ್ತಾರೆ. ಭಾನುವಾರದ ಸಂತೆಗೆ ಸುತ್ತಲಿನ ಹಳ್ಳಿಗಳ ಜನ ಬಂದು ಸೇರುತ್ತಾರೆ. ಐದು ಶತಮಾನಗಳ ಹಿಂದೆ ಯೂರೋಪಿನ ದೊಡ್ಡ ವರ್ತಕರೆಲ್ಲ ಈ ಊರಿನತ್ತ ಮುಖ ಮಾಡಿದ್ದ ಕಾಲದ ಪಳೆಯುಳಿಕೆಯೆಂದು ಊರವರು ಈ ರೂಢಿಯನ್ನು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ಮ್ಯಾಡ್ರಿಡ್ ನಗರದಿಂದ ವಾಯವ್ಯಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ, ವಾಯಾದೊಲಿದ್ ಪ್ರಾಂತದ ಬಯಲುಸೀಮೆಯಲ್ಲಿ ಈ ಪಟ್ಟಣವಿದೆ. ಜನಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸು. ಸಾಪಾರ್ದಿಯೆಲ್ ಎಂಬ ಚಿಕ್ಕ ನದಿ ಊರೊಳಗೆ ಹರಿಯುತ್ತದೆ. ಸ್ಪೇನಿಗೆ ಹೋಗುವ ನಮ್ಮ ಪ್ರವಾಸಿಗರು ಮ್ಯಾಡ್ರಿಡ್, ಬಾರ್ಸಿಲೋನಾ, ಗ್ರನಾದಾಗಳನ್ನು ನೋಡಿ ಮರಳುವುದೇ ವಾಡಿಕೆ. ಆದರೆ ವ್ಯಾಪಾರವೃತ್ತಿಯವರು ಒಂದು ದಿನವನ್ನು ಮೀಸಲಿಡಬೇಕಾದ ಊರು ಯಾವುದೆಂದು ಕೇಳಿದರೆ ಮೆದೀನಾದ ಹೆಸರನ್ನೇ ಮೊದಲು ಹೇಳಬೇಕಾಗುತ್ತದೆ.

ಹದಿನೈದನೆಯ ಶತಮಾನದ ಆರಂಭದಲ್ಲಿ ಈ ಊರಿನಲ್ಲೇ ಜನಿಸಿದ ರಾಜಕುಮಾರ ಫರ್ನಾಂದೊ ಇಲ್ಲಿನ ಮೇಳಗಳಿಗೆ ಆಶ್ರಯ ನೀಡಿದನು. ಮುಂದೆ ಆತನು ಆರಗಾನ್ ರಾಜ್ಯದ ಅರಸನಾದನು. 1491ರಲ್ಲಿ ರಾಣಿ ಇಸಬೆಲ್ಲಾ ಮತ್ತು ಆಕೆಯ ಪತಿ ಇವುಗಳಿಗೆ ಇಡೀ ರಾಜ್ಯದ ಮೇಳಗಳೆಂಬ ಮಾನ್ಯತೆ ಕೊಟ್ಟರು. ಮೇ ತಿಂಗಳಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು, ಹೀಗೆ ವರ್ಷಕ್ಕೆ ಎರಡು ಮೇಳಗಳು ವಾರಗಟ್ಟಲೆ ನಡೆಯುತ್ತಿದ್ದವು. ಕ್ಯಾಸ್ಟೀಲಿನ ಉಣ್ಣೆ, ಫ್ಲಾಂಡರ್ಸ್‌ನ ಬಟ್ಟೆ, ಫ್ರಾನ್ಸಿನ ನಾರುಬಟ್ಟೆ ಮತ್ತು ಕಾಗದ, ಗ್ರನಾದಾದ ರೇಷ್ಮೆ, ಪೋರ್ಚುಗಲ್ ಮೂಲಕ ಬಂದ ಸಾಂಬಾರ ಪದಾರ್ಥಗಳು, ಮುದ್ರಿತ ಪುಸ್ತಕಗಳು ಎಲ್ಲವೂ ಇಲ್ಲಿ ಬಿಕರಿಯಾಗುತ್ತಿದ್ದವು. ಯಾವ ಸರಕಿನವರು ಎಲ್ಲಿ ಕುಳಿತುಕೊಳ್ಳಬೇಕೆಂಬುದಕ್ಕೆ ಚೌಕದಲ್ಲಿಯೂ ಬೀದಿಗಳಲ್ಲಿಯೂ ಸ್ಥಳ ನಿಗದಿಯಾಗಿತ್ತು.

ಆ ದೊಡ್ಡ ಚೌಕ ಇಂದಿಗೂ ಊರಿನ ನಡುಮನೆಯಂತಿದೆ. ಅದರ ಒಂದು ಅಂಚಿನಲ್ಲಿ ಸಾನ್ ಅಂತೋಲಿನ್ ಚರ್ಚಿದೆ. ಚರ್ಚಿನ ಹೊರಗೋಡೆಯಲ್ಲಿ, ಚೌಕಕ್ಕೆ ಮುಖಮಾಡಿ, ಎತ್ತರದಲ್ಲಿ ಒಂದು ಬಾಲ್ಕನಿಯುಂಟು. ಮೇಳದ ದಿನಗಳಲ್ಲಿ ಪಾದ್ರಿಗಳು ಅಲ್ಲಿ ನಿಂತು ಪೂಜೆ ಸಲ್ಲಿಸುತ್ತಿದ್ದರು. ಕೆಳಗಿದ್ದ ವ್ಯಾಪಾರಿಗಳು ಗಲ್ಲಾ ಬಿಟ್ಟು ಏಳದೆ, ಸರಕಿನ ಮೇಲೆ ಒಂದು ಕಣ್ಣಿಟ್ಟುಕೊಂಡೇ ಪುಣ್ಯ ಸಂಪಾದಿಸಬಹುದಾಗಿತ್ತು. ಗಿರಾಕಿಯನ್ನೂ ದೇವರನ್ನೂ ಕಾಯಿಸದ ಇಂತಹ ಏರ್ಪಾಡನ್ನು ಯೋಚಿಸಿದವನು ವ್ಯಾಪಾರಿಯ ಮನಸ್ಸನ್ನು ಚೆನ್ನಾಗಿ ಬಲ್ಲವನೇ ಇರಬೇಕು. ಚೌಕದ ಇನ್ನೊಂದು ಭಾಗದಲ್ಲಿ ಅರಮನೆಯ ಅವಶೇಷವಿದೆ. ರಾಣಿ ಇಸಬೆಲ್ಲಾ 1504ರ ಅಕ್ಟೋಬರ್ 12ರಂದು ತನ್ನ ಮರಣಶಾಸನ ಬರೆಯಿಸಿ, ನವೆಂಬರ್ 26ರಂದು ಕೊನೆಯುಸಿರೆಳೆದದ್ದು ಇಲ್ಲಿಯೇ.

ಸರಕಿನ ವ್ಯಾಪಾರ ಎಲ್ಲ ಮೇಳಗಳಲ್ಲಿಯೂ ಇದ್ದದ್ದೇ. ಮೆದೀನಾದ ಹಿರಿಮೆ ಬಂದದ್ದು ಲೇವಾದೇವಿಯಿಂದ. ವಿನಿಮಯ ಪತ್ರವೆಂದು ಪಾಶ್ಚಾತ್ಯರು ಕರೆದದ್ದು ನಮ್ಮ ಹುಂಡಿಗೆ ಬಹಳ ಹತ್ತಿರದ ಸಾಧನ. ಕ್ಯಾಸ್ಟೀಲಿನ ವರ್ತಕನೊಬ್ಬನ ಗುಮಾಸ್ತನಿಗೆ ಫ್ರಾನ್ಸಿನ ಲಿಯೋನ್ ನಗರದಲ್ಲಿ ಹಣ ಬೇಕಾಯಿತೆಂದುಕೊಳ್ಳೋಣ. ಆತನು ಅಲ್ಲಿಯ ಸಾಹುಕಾರನೊಬ್ಬನಿಂದ ಸ್ಥಳೀಯ ನಾಣ್ಯ ಪಡೆದು, ಮೆದೀನಾದಲ್ಲಿರುವ ತನ್ನ ಯಜಮಾನನ ಮೇಲೆ ಪತ್ರ ಬರೆದುಕೊಡುತ್ತಿದ್ದನು. ಸಾಹುಕಾರನು ಆ ಪತ್ರವನ್ನು ಮೆದೀನಾದ ತನ್ನ ಪ್ರತಿನಿಧಿಗೆ ಕಳುಹಿಸುತ್ತಿದ್ದನು. ಮುಂದಿನ ಮೇಳದ ಪಾವತಿಯ ದಿನಗಳಲ್ಲಿ ಯಜಮಾನನು ಪ್ರತಿನಿಧಿಗೆ ಕ್ಯಾಸ್ಟೀಲಿನ ಹಣ ಸಲ್ಲಿಸಬೇಕು. ಚರ್ಚಿನ ಕಾನೂನು ಬಡ್ಡಿಯನ್ನು ಪಾಪವೆಂದು ನಿಷೇಧಿಸಿದ್ದ ಕಾಲವದು. ಪತ್ರದಲ್ಲಿ ಬಡ್ಡಿಯೆಂಬ ಶಬ್ದವೇ ಕಾಣುತ್ತಿರಲಿಲ್ಲ, ಲಾಭವೆಲ್ಲ ಎರಡು ನಾಣ್ಯಗಳ ವಿನಿಮಯ ದರದ ಅಂತರದಲ್ಲಿ ಅಡಗಿರುತ್ತಿತ್ತು. ಇದು ಧರ್ಮವೋ ಅಧರ್ಮವೋ ಎಂಬ ಚರ್ಚೆ ಜೋರಾಗಿಯೇ ನಡೆಯಿತು. ವರ್ತಕರಿಗೆ ಇಂತಹ ವಿಷಯಗಳಲ್ಲಿ ತಿಳಿವಳಿಕೆ ನೀಡಲು ಸರಾವಿಯಾ ದೆ ಲಾ ಕಾಯೆ ಎಂಬಾತನು ಬರೆದ ಪುಸ್ತಕ 1544ರಲ್ಲಿ ಇದೇ ಊರಿನಲ್ಲಿ ಅಚ್ಚಾಯಿತು.

ಪಾವತಿಯ ದಿನಗಳಲ್ಲಿ ಚೀಲಗಟ್ಟಲೆ ನಾಣ್ಯ ಎಣಿಸುವ ಪ್ರಮೇಯ ಕಡಿಮೆ. ವರ್ತಕರು ಸಾಹುಕಾರರ ಮುಂದೆ ಕುಳಿತು, ಬರಬೇಕಾದದ್ದನ್ನೂ ಕೊಡಬೇಕಾದದ್ದನ್ನೂ ಪರಸ್ಪರ ವಜಾ ಮಾಡಿಕೊಂಡು, ಉಳಿದ ಬಾಕಿಯನ್ನಷ್ಟೇ ಪುಸ್ತಕದಲ್ಲಿ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ವರ್ಗಾಯಿಸುತ್ತಿದ್ದರು. ಬ್ಯಾಂಕುಗಳ ಕ್ಲಿಯರಿಂಗ್ ಹೌಸ್ ಮಾಡುವ ಕೆಲಸವೂ ತತ್ವದಲ್ಲಿ ಇದೇ. ಪತ್ರವನ್ನು ಯಜಮಾನನು ಮನ್ನಿಸದಿದ್ದರೆ ನೋಟರಿಯ ಮುಂದೆ ಪ್ರೊಟೆಸ್ಟ್ ಬರೆಯಿಸಿ ಹಿಂದಕ್ಕೆ ಕಳುಹಿಸುವುದು ನಿಯಮ. ನಮ್ಮ 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 99 ಮತ್ತು 100ನೆಯ ಕಲಮುಗಳಲ್ಲಿರುವ ನೋಟಿಂಗ್ ಮತ್ತು ಪ್ರೊಟೆಸ್ಟ್ ಇದೇ ಜಾತಿಯ ಕ್ರಮಗಳು.

ಲೆಕ್ಕಪತ್ರದವರಿಗೆ ಇನ್ನೂ ಕುತೂಹಲದ ಸಂಗತಿಯೊಂದಿದೆ. 1549ರಲ್ಲಿ ಇಲ್ಲಿಂದ ಹೆಚ್ಚು ದೂರವಿಲ್ಲದ ಸಿಗಾಲೆಸ್ ಎಂಬಲ್ಲಿಂದ, 1552ರಲ್ಲಿ ಮ್ಯಾಡ್ರಿಡ್‌ನಿಂದ ಹೊರಟ ರಾಜಾಜ್ಞೆಗಳು, ಸಾಹುಕಾರರೂ ವರ್ತಕರೂ ಕ್ಯಾಸ್ಟೀಲಿನ ಭಾಷೆಯಲ್ಲಿ, ಜಮಾ ಮತ್ತು ಖರ್ಚು ಎರಡನ್ನೂ ತೋರಿಸುವ ಖಾತೆ ಪುಸ್ತಕಗಳನ್ನು ಕಡ್ಡಾಯವಾಗಿ ಇಡಬೇಕೆಂದು ವಿಧಿಸಿದವು. ಜೋಡಿ ನಮೂದು ಪದ್ಧತಿಯನ್ನು ವ್ಯಾಪಾರಿಗಳಿಗೆ ಕಡ್ಡಾಯಗೊಳಿಸಿದ ಅತ್ಯಂತ ಹಳೆಯ ಕಾನೂನುಗಳಲ್ಲಿ ಇವೂ ಸೇರಿವೆಯೆಂದು ಲೆಕ್ಕಶಾಸ್ತ್ರದ ಇತಿಹಾಸಕಾರರು ಎಣಿಸುತ್ತಾರೆ. ಪುಸ್ತಕ ಬರೆಯದೆ ವ್ಯಾಪಾರ ಮಾಡುವವರ ಬಗ್ಗೆ ಸರ್ಕಾರಗಳಿಗಿರುವ ಅಸಮಾಧಾನ ಹೊಸದೇನೂ ಅಲ್ಲ.

ಅರಸರಿಂದ ಊರಿಗೆ ಒಳಿತೂ ಕೆಡುಕೂ ಎರಡೂ ಒದಗಿದವು. 1520ರಲ್ಲಿ ಕ್ಯಾಸ್ಟೀಲಿನ ಪಟ್ಟಣಗಳು ದೊರೆಯ ವಿರುದ್ಧ ದಂಗೆಯೆದ್ದಾಗ, ಮೆದೀನಾದಲ್ಲಿರಿಸಿದ್ದ ಫಿರಂಗಿಗಳನ್ನು ಸೆಗೋವಿಯಾ ನಗರದ ಮೇಲೆ ಬಳಸಲು ರಾಜಸೈನ್ಯ ಬಂದಿತು. ನೆರೆಯ ನಗರವನ್ನು ಹೊಡೆಯಲು ಫಿರಂಗಿ ಕೊಡುವುದಿಲ್ಲವೆಂದು ಊರವರು ಹಟ ಹಿಡಿದರು. ಆಗಸ್ಟ್ 21ರಂದು ಸೈನಿಕರು ಹಚ್ಚಿದ ಬೆಂಕಿಯಲ್ಲಿ ಮನೆಗಳಷ್ಟೇ ಅಲ್ಲದೆ, ಸಾನ್ ಫ್ರಾನ್ಸಿಸ್ಕೊ ಮಠದಲ್ಲಿ ದಾಸ್ತಾನಿಟ್ಟಿದ್ದ ವರ್ತಕರ ಸರಕೂ ಸುಟ್ಟು ಬೂದಿಯಾಯಿತು. ಫಿರಂಗಿಗಳನ್ನು ಮಾತ್ರ ಊರು ಬಿಟ್ಟುಕೊಡಲಿಲ್ಲ. ಊರಿನ ದಿಬ್ಬದ ಮೇಲಿರುವ ಲಾ ಮೋತಾ ಎಂಬ ಕೆಂಪಿಟ್ಟಿಗೆಯ ಕೋಟೆಯನ್ನು ನೋಡಲು ಬಂದವರು ಈ ಕಥೆಯನ್ನು ಕೇಳಿಯೇ ಹಿಂದಿರುಗುತ್ತಾರೆ.

ಬೆಂಕಿಯಿಂದ ಊರು ಚೇತರಿಸಿಕೊಂಡಿತು. ಅದಕ್ಕೆ ತಾಳಲಾರದ ಪೆಟ್ಟು ಬಿದ್ದದ್ದು ಅರಸನ ದಿವಾಳಿಯಿಂದ. ಅಮೆರಿಕದ ಬೆಳ್ಳಿಯನ್ನು ನಂಬಿ ಯುದ್ಧಗಳಿಗೆ ಸಾಲ ಮಾಡುತ್ತಿದ್ದ ದೊರೆ ಎರಡನೆಯ ಫಿಲಿಪ್, 1557, 1575 ಮತ್ತು 1596ರಲ್ಲಿ ಸಾಲದ ಪಾವತಿಯನ್ನು ನಿಲ್ಲಿಸಿದನು. ಅಲ್ಪಾವಧಿಗೆ ಕೊಟ್ಟ ಹಣ ದೀರ್ಘಾವಧಿಯ ಸಾಲಪತ್ರಗಳಾಗಿ ಸಾಹುಕಾರರ ಕೈಯಲ್ಲಿ ಉಳಿಯಿತು. ಒಬ್ಬನ ಬಾಕಿ ಇನ್ನೊಬ್ಬನ ಆಸ್ತಿಯಾಗಿದ್ದ ಊರಿನಲ್ಲಿ ಇದರ ಪರಿಣಾಮವನ್ನು ಯಾವ ವ್ಯಾಪಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪಾವತಿಯ ಮೇಳಗಳನ್ನು ಅರಮನೆಯ ಅನುಕೂಲಕ್ಕಾಗಿ ಮುಂದೂಡುವುದಂತೂ ಅದಕ್ಕೂ ಮೊದಲೇ ಅಭ್ಯಾಸವಾಗಿ ಹೋಗಿತ್ತು. ವಾಯಿದೆಯ ದಿನವೇ ಅನಿಶ್ಚಿತವಾದರೆ ಹುಂಡಿಗೆ ಬೆಲೆಯೆಲ್ಲಿ? 1575ರ ಹೊತ್ತಿಗೇ ಅಲ್ಕಬಾಲಾ ಎಂಬ ಮಾರಾಟ ತೆರಿಗೆಯ ಹೊರೆಯನ್ನೂ ವಿಪರೀತ ಏರಿಸಲಾಯಿತು. ವ್ಯಾಪಾರ ಸೊರಗಿದ್ದ ಸಮಯದಲ್ಲಿ ತೆರಿಗೆ ಏರಿಸಿದ್ದು ಶುದ್ಧ ಅವಿವೇಕ. ಮೇಳಗಳು ಮತ್ತೆ ಹಿಂದಿನ ಸ್ಥಿತಿಗೆ ಬರಲಿಲ್ಲ.

ಈ ಏಳುಬೀಳುಗಳನ್ನು ಸ್ವತಃ ಕಂಡವನು ಸಿಮೋನ್ ರೂಯಿಸ್. ಬುರ್ಗೋಸ್ ಸೀಮೆಯ ಬೆಲೊರಾದೊ ಎಂಬ ಊರಿನಿಂದ ಸುಮಾರು 1550ರಲ್ಲಿ ಮೆದೀನಾಕ್ಕೆ ಬಂದು, ಫ್ರಾನ್ಸಿನ ನಾಂಟ್ ಬಂದರಿನಲ್ಲಿದ್ದ ಸೋದರನ ನೆರವಿನಿಂದ ಬಟ್ಟೆ ವ್ಯಾಪಾರ ಹೂಡಿದನು. ಕ್ರಮೇಣ ಹುಂಡಿ ವ್ಯವಹಾರಕ್ಕಿಳಿದು ಲಿಯೋನ್, ಆಂಟ್‌ವರ್ಪ್, ಫ್ಲಾರೆನ್ಸ್, ಲಿಸ್ಬನ್ ನಗರಗಳವರೆಗೆ ಬಾತ್ಮೀದಾರರನ್ನು ಹೊಂದಿದನು. ಆ ಲಿಸ್ಬನ್ ಪೇಟೆಯ ಮುಖ್ಯ ಸರಕುಗಳಲ್ಲೊಂದು ನಮ್ಮ ಪಶ್ಚಿಮ ಕರಾವಳಿಯ ಕರಿಮೆಣಸು. ಗೇರುಸೊಪ್ಪೆ, ಹೊನ್ನಾವರ, ಭಟ್ಕಳದ ಕಡೆಯಿಂದಲೂ ಪೋರ್ಚುಗೀಸರು ಅದನ್ನು ಕೊಂಡೊಯ್ಯುತ್ತಿದ್ದ ಕಾಲವದು. 1575ರ ನಂತರ ಜಿನೋವಾದ ಸಾಹುಕಾರರು ಕೈ ಹಿಂತೆಗೆದಾಗ ಅರಸನಿಗೆ ಸಾಲ ಒದಗಿಸಿದವರಲ್ಲಿ ಸಿಮೋನನೂ ಒಬ್ಬ. ಆದರೂ ಆತನು ಮೈಮರೆಯದೆ ನಡೆದುಕೊಂಡು, 1597ರಲ್ಲಿ ತೀರಿಕೊಂಡಾಗ ದೊಡ್ಡ ಆಸ್ತಿ ಬಿಟ್ಟುಹೋದನು. ವ್ಯವಹಾರ ವಹಿಸಿಕೊಂಡ ಸೋದರನ ಮಗನಿಗೆ ಆ ಎಚ್ಚರ ಒಲಿಯಲಿಲ್ಲ, ಕೆಲವೇ ವರ್ಷಗಳಲ್ಲಿ ಸಂಸ್ಥೆ ದಿವಾಳಿಯೆದ್ದಿತು.

ಸಿಮೋನನಿಗೆ ಮಕ್ಕಳಿರಲಿಲ್ಲ. ಬಡವರಿಗಾಗಿ ಊರಿನಲ್ಲಿ ಒಂದು ದೊಡ್ಡ ಆಸ್ಪತ್ರೆಯನ್ನು ಕಟ್ಟಿಸತೊಡಗಿದ್ದನು. ಆತನ ಕಾಗದಪತ್ರಗಳೂ ಆಸ್ಪತ್ರೆಯ ಪಾಲಿಗೆ ಬಂದವು. ಯಾರಿಗೂ ಬೇಡವಾದ ಆ ಕಟ್ಟುಗಳನ್ನು ಯಾರೂ ಸುಡಲಿಲ್ಲವೆಂಬುದೇ ದೊಡ್ಡ ಭಾಗ್ಯ. 50,000ಕ್ಕೂ ಹೆಚ್ಚು ವ್ಯಾಪಾರಿ ಪತ್ರಗಳು, ಸಾವಿರಾರು ವಿನಿಮಯ ಪತ್ರಗಳು, ಖಾತೆ ಪುಸ್ತಕಗಳು ಹೀಗೆ ಉಳಿದು, ಇಪ್ಪತ್ತನೆಯ ಶತಮಾನದಲ್ಲಿ ವಿದ್ವಾಂಸರ ಕೈಸೇರಿದವು. 1955ರಲ್ಲಿ ಫ್ರೆಂಚ್ ಇತಿಹಾಸಕಾರ ಹೆನ್ರಿ ಲಾಪೇರ್ ಇವುಗಳ ಆಧಾರದಿಂದ ರೂಯಿಸ್ ಮನೆತನದ ಚರಿತ್ರೆಯನ್ನು ಪ್ರಕಟಿಸಿದನು. ಹದಿನಾರನೆಯ ಶತಮಾನದ ಹಣಕಾಸಿನ ಬಗ್ಗೆ ಇಂದು ತಿಳಿದಿರುವುದರಲ್ಲಿ ಬಹಳಷ್ಟು ಈ ಕಟ್ಟುಗಳಿಂದಲೇ ಬಂದದ್ದು. ಆದಾಯ ತೆರಿಗೆಯ ಅವಧಿ ಮುಗಿಯಿತೆಂದು ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕುವ ನಮ್ಮ ಹಳೆಯ ಪೇಢಿಗಳ ಮಾಲೀಕರು ಈ ಸಂಗತಿಯನ್ನು ಗಮನಿಸಬಹುದು.

ಆಸ್ಪತ್ರೆಯ ಚರ್ಚಿಗಾಗಿ ಸಿಮೋನ್ ಮತ್ತು ಆತನ ಇಬ್ಬರು ಪತ್ನಿಯರು ಮಂಡಿಯೂರಿ ಪ್ರಾರ್ಥಿಸುವ ಶಿಲ್ಪಗಳನ್ನು ಕೆತ್ತಿಸಲಾಗಿತ್ತು. ಮೇಳಗಳ ಇತಿಹಾಸಕ್ಕೇ ಮೀಸಲಾದ ವಸ್ತುಸಂಗ್ರಹಾಲಯವೊಂದು 2000ದಲ್ಲಿ ಸಾನ್ ಮಾರ್ತಿನ್ ಎಂಬ ಹಳೆಯ ಚರ್ಚಿನ ಕಟ್ಟಡದಲ್ಲಿ ಆರಂಭವಾಯಿತು. ಮ್ಯಾಡ್ರಿಡ್‌ನಿಂದ ರೈಲಿನಲ್ಲಿಯೂ ಹೆದ್ದಾರಿಯಲ್ಲಿಯೂ ಬೆಳಿಗ್ಗೆ ಹೊರಟು ಸಂಜೆಗೆ ಹಿಂದಿರುಗಬಹುದು. 2015ರ ಕೊನೆಯಲ್ಲಿ ಆರಂಭವಾದ ಅತಿವೇಗದ ರೈಲುಮಾರ್ಗದ ನಿಲ್ದಾಣ ಊರಿನಿಂದ ಹೊರಗಿದೆ, ಹಳೆಯ ನಿಲ್ದಾಣ ಊರಿನಲ್ಲಿಯೇ ಇದೆ. ಟಿಕೆಟ್ ಪಡೆಯುವಾಗ ಈ ವ್ಯತ್ಯಾಸವನ್ನು ನೋಡಿಕೊಳ್ಳುವುದು ಒಳಿತು. ಹೋಗುವುದಾದರೆ ಭಾನುವಾರವೇ ಹೋಗಬೇಕು, ಗುರುವಾರ ಹೋದರೆ ಅಂಗಡಿ ಬೀದಿ ಮುಚ್ಚಿರುತ್ತದೆ.