ಕೆನ್ನೆಯೊಳಗಿನ ಸಾಕ್ಷಿ

ತುದಿಗೆ ಹತ್ತಿ ಸುತ್ತಿದ ಒಂದು ಉದ್ದ ಕಡ್ಡಿ. ಅದನ್ನು ಮಗುವಿನ ಕೆನ್ನೆಯ ಒಳಮೈಗೆ ಒತ್ತಿ ಅರ್ಧ ನಿಮಿಷ ಮೆಲ್ಲಗೆ ಉಜ್ಜುತ್ತಾರೆ. ಆಮೇಲೆ ಇನ್ನೊಂದು ಕಡ್ಡಿ, ಇನ್ನೊಂದು ಕೆನ್ನೆ. ಸೂಜಿಯಿಲ್ಲ, ನೋವಿಲ್ಲ. ಹತ್ತಿ ಆರಿದ ಮೇಲೆ ಕಡ್ಡಿಗಳು ಕಾಗದದ ಲಕೋಟೆ ಸೇರುತ್ತವೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ಲಕೋಟೆಯ ಮೇಲೆ ಹೆಸರು, ತಾರೀಖು, ಸಾಕ್ಷಿಗಳ ಸಹಿ, ಮೊಹರು. ಹತ್ತಿರದಲ್ಲೇ ಅಮ್ಮ ಕುಳಿತಿರುತ್ತಾಳೆ, ಅಪ್ಪನೆಂದು ಹೇಳಲಾದವನೂ ಇರುತ್ತಾನೆ. ಇಬ್ಬರ ಒಪ್ಪಿಗೆಯನ್ನೂ ಬರೆಸಿಕೊಂಡಿರುತ್ತಾರೆ. ಯಾರೂ ಏನೂ ಕೇಳದೆ ಇರುವುದು ಆ ಮಗುವನ್ನು ಮಾತ್ರ. ಈ ಅಧ್ಯಾಯ ಓದುವಾಗ ಆ ಮಗು ನಮ್ಮ ಕಣ್ಣ ಮುಂದೆಯೇ ಇರಲಿ.

ಆ ಹತ್ತಿಗೆ ಅಂಟಿದ ಜೀವಕೋಶಗಳಲ್ಲಿ ಪ್ರಯೋಗಾಲಯದವರು ಹುಡುಕುವುದೇನು? ಮನುಷ್ಯನ 46 ವರ್ಣತಂತುಗಳಲ್ಲಿ 23 ತಾಯಿಯಿಂದ ಬಂದವು, 23 ತಂದೆಯಿಂದ. ಅವುಗಳಲ್ಲಿ ಸುರುಳಿ ಸುತ್ತಿಕೊಂಡಿರುವ ಡಿಎನ್‌ಎಯ ಕೆಲವು ಜಾಗಗಳಲ್ಲಿ ಪುಟ್ಟದೊಂದು ಅಕ್ಷರಗುಚ್ಛ ಮತ್ತೆ ಮತ್ತೆ ಬರುತ್ತದೆ. ಮೃದಂಗದವರು ತಕಧಿಮಿ, ತಕಧಿಮಿ ಎಂದು ಒಂದೇ ಸೊಲ್ಲನ್ನು ಬಾರಿಸುತ್ತಾ ಹೋಗುತ್ತಾರಲ್ಲ, ಹಾಗೆ. 11ನೆಯ ವರ್ಣತಂತುವಿನಲ್ಲಿ ಟಿಎಚ್‌01 ಎಂಬ ಜಾಗವಿದೆ. ಅಲ್ಲಿ ಎ-ಎ-ಟಿ-ಜಿ ಎಂಬ ನಾಲ್ಕಕ್ಷರ ಕೆಲವರಲ್ಲಿ 6 ಸಲ, ಕೆಲವರಲ್ಲಿ 7 ಸಲ, ಮತ್ತೆ ಕೆಲವರಲ್ಲಿ 9 ಸಲ ಬರುತ್ತದೆ. ಪ್ರತಿಯೊಬ್ಬರಲ್ಲೂ ಇಂಥ ಎರಡು ಲೆಕ್ಕ, ತಾಯಿಯ ಕಡೆಯದೊಂದು, ತಂದೆಯ ಕಡೆಯದೊಂದು. ತಾಯಿಯದು 6 ಮತ್ತು 9, ಮಗುವಿನದು 6 ಮತ್ತು 7 ಎಂದಿಟ್ಟುಕೊಳ್ಳಿ. 6 ಅಮ್ಮನದು. ಹಾಗಾದರೆ 7 ಅಪ್ಪನಿಂದಲೇ ಬಂದಿರಬೇಕು. ಅಪ್ಪನೆಂದು ಹೇಳಲಾದವನಲ್ಲಿ 8 ಮತ್ತು 9 ಇದ್ದರೆ ತಾಳ ತಪ್ಪಿತು.

ಒಂದೇ ಕಡೆ ತಪ್ಪಿದ ಮಾತ್ರಕ್ಕೆ ತೀರ್ಪು ಕೊಡುವಂತಿಲ್ಲ. ಅಪ್ಪನಿಂದ ಮಗುವಿಗೆ ದಾಟುವಾಗ ಅಪರೂಪಕ್ಕೊಮ್ಮೆ ಲೆಕ್ಕ ಒಂದು ಹೆಚ್ಚಾಗುವುದೂ ಉಂಟು, ಕಡಿಮೆಯಾಗುವುದೂ ಉಂಟು. ಅದಕ್ಕೇ ಹದಿನೈದು, ಇಪ್ಪತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ಜಾಗಗಳನ್ನು ನೋಡುತ್ತಾರೆ. ಹಲವು ಕಡೆ ಹೊಂದದಿದ್ದರೆ ಅವನು ತಂದೆಯಲ್ಲ. ಎಲ್ಲ ಕಡೆಯೂ ಹೊಂದಿದರೆ ತಂದೆಯಾಗಿರುವ ಸಂಭವ ಶೇ. 99.99ಕ್ಕಿಂತ ಹೆಚ್ಚು ಎಂದು ವರದಿ ಬರುತ್ತದೆ. ನೂರಕ್ಕೆ ನೂರು ಎಂದು ಬರೆಯುವುದಿಲ್ಲ, ಏಕೆಂದರೆ ಇದು ಸಂಭವನೀಯತೆಯ ಲೆಕ್ಕ. ಆತನಿಗೆ ತದ್ರೂಪಿ ಅವಳಿ ಸಹೋದರನಿದ್ದರೆ ಈ ಪರೀಕ್ಷೆ ಇಬ್ಬರನ್ನೂ ಬೇರೆ ಮಾಡಿ ಹೇಳಲಾರದು. ಸಂಶಯ ಅಣ್ಣ ತಮ್ಮಂದಿರ ನಡುವೆಯೇ ಇದ್ದರೆ ಅದನ್ನು ಮೊದಲೇ ಪ್ರಯೋಗಾಲಯಕ್ಕೆ ತಿಳಿಸಬೇಕು.

ಡಿಎನ್‌ಎ ಪರೀಕ್ಷೆಗೂ ಮೊದಲು ಬಹುಕಾಲ ನೆಚ್ಚಿಕೊಂಡಿದ್ದು ರಕ್ತದ ಗುಂಪನ್ನು. ಅದರಿಂದ ‘ಇವನಲ್ಲ’ ಎನ್ನಬಹುದಿತ್ತೇ ಹೊರತು ‘ಇವನೇ’ ಎನ್ನಲಾಗುತ್ತಿರಲಿಲ್ಲ. ‘ಇವನಲ್ಲ’ ಎಂದಾಗಲೂ ಕೆಲವೊಮ್ಮೆ ಕೇಳುವವರಿರಲಿಲ್ಲ. ಚಾರ್ಲಿ ಚಾಪ್ಲಿನ್ ಮೇಲೆ ಅಮೆರಿಕದಲ್ಲಿ ಪಿತೃತ್ವದ ದಾವೆ ನಡೆದಿತ್ತು. ಚಾಪ್ಲಿನ್‌ರದು ಓ ಗುಂಪು, ತಾಯಿಯದು ಎ, ಮಗುವಿನದು ಬಿ. ಓ ಗುಂಪಿನ ತಂದೆಗೂ ಎ ಗುಂಪಿನ ತಾಯಿಗೂ ಬಿ ಗುಂಪಿನ ಮಗು ಹುಟ್ಟದು. ಹಾಗಿದ್ದೂ 1945ರಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಚಾಪ್ಲಿನ್ನರೇ ತಂದೆ ಎಂದಿತು.

1984ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರಿಸ್ ಡಿಎನ್‌ಎ ಬೆರಳಚ್ಚನ್ನು ಕಂಡುಹಿಡಿದ ಮೇಲೆ ಕಥೆ ಬದಲಾಯಿತು. ಆ ಶೋಧ ಮೊದಲು ಬಳಕೆಗೆ ಬಂದದ್ದು ಕೊಲೆಗಾರನನ್ನು ಹಿಡಿಯಲಿಕ್ಕಲ್ಲ, ಹೆಂಡತಿಯನ್ನು ಶಂಕಿಸಲಿಕ್ಕೂ ಅಲ್ಲ. ಘಾನಾದಿಂದ ಮರಳಿದ ಹುಡುಗನೊಬ್ಬನನ್ನು ಬ್ರಿಟನ್ನಿನ ವಲಸೆ ಅಧಿಕಾರಿಗಳು ತಡೆದಿದ್ದರು. ಅವನು ಆ ಮನೆಯ ಮಗನೇ ಹೌದೆಂದು ನಂಬಲು ಅವರು ಸಿದ್ಧರಿರಲಿಲ್ಲ. ತಾಯಿಯ, ಒಡಹುಟ್ಟಿದವರ ಡಿಎನ್‌ಎ ನೋಡಿ ಜೆಫ್ರಿಸ್ ಅವನು ಅವಳ ಮಗನೇ ಎಂದು ತೋರಿಸಿದರು, 1985ರಲ್ಲಿ ಹುಡುಗ ಮನೆಯಲ್ಲೇ ಉಳಿದ. ಈ ವಿದ್ಯೆಯ ಮೊದಲ ಕೆಲಸವೇ ಮಗನನ್ನು ತಾಯಿಯ ಮಡಿಲಿಗೆ ಸೇರಿಸಿದ್ದು ಎಂಬುದು ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ.

ನಮ್ಮಲ್ಲಿ ಇದನ್ನು ಬೆಳೆಸಿದವರು ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವಶಾಸ್ತ್ರ ಕೇಂದ್ರದ (ಸಿಸಿಎಂಬಿ) ಲಾಲ್‌ಜಿ ಸಿಂಗ್. ಕಟ್ಟುಹಾವಿನ ಡಿಎನ್‌ಎ ಅಧ್ಯಯನದಿಂದ ದೊರೆತ ತುಣುಕೊಂದನ್ನೇ ಅವರು ಮನುಷ್ಯರ ಗುರುತು ಹಿಡಿಯುವ ಸಾಧನ ಮಾಡಿಕೊಂಡರು. ಅವರ ಮುಂದೆ ಬಂದ ಮೊದಮೊದಲ ಪ್ರಕರಣಗಳಲ್ಲಿ ಒಂದು ಕೇರಳದ ತಲಶ್ಶೇರಿಯದು. ಮಗುವಿಗೆ ಜೀವನಾಂಶ ಬೇಕೆಂದು ತಾಯಿ ಕೋರ್ಟಿಗೆ ಹೋಗಿದ್ದಳು, ತಾನು ತಂದೆಯಲ್ಲ ಎಂದು ಆತ ನಿರಾಕರಿಸಿದ್ದ. ಡಿಎನ್‌ಎ ಅವಳ ಮಾತನ್ನೇ ಹೇಳಿತು, ಕೋರ್ಟು ಅದನ್ನು ಒಪ್ಪಿತು.

ಪಿತೃತ್ವ ಪರೀಕ್ಷೆ ಎಂದ ಕೂಡಲೇ ಜನ ಗಂಡನ ಅನುಮಾನವನ್ನೇ ನೆನೆಯುತ್ತಾರೆ. ಆದರೆ ಕುಟುಂಬಗಳು ಇದರ ಬಾಗಿಲು ತಟ್ಟಲು ಬೇರೆ ಕಾರಣಗಳೂ ಇವೆ. ಕೈಬಿಟ್ಟ ತಂದೆಯಿಂದ ಅನ್ನ, ಓದಿನ ಖರ್ಚು ಪಡೆಯಲು. ಆಸ್ತಿಯ ಪಾಲಿಗೆ. ಅಮೆರಿಕದಲ್ಲಿ ನೆಲೆಸಿದ ನಮ್ಮವರು ಊರಿನಲ್ಲಿರುವ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವಾಗಲೂ ಒಮ್ಮೊಮ್ಮೆ ಇದು ಬೇಕಾಗುತ್ತದೆ. ಹಿಂದೆ ಹಳ್ಳಿಯ ಮನೆಯಲ್ಲೇ ಹೆರಿಗೆಯಾಗಿ, ಜನನ ನೋಂದಣಿಯೇ ಆಗದವರು ಎಷ್ಟು ಮಂದಿಯಿಲ್ಲ! ದಾಖಲೆ ಸಾಲದಾದಾಗ ವೀಸಾ ಕಚೇರಿಯವರು ಡಿಎನ್‌ಎ ಪರೀಕ್ಷೆ ಸೂಚಿಸುತ್ತಾರೆ. 2024ರಲ್ಲಿ ವಯನಾಡಿನ ಗುಡ್ಡ ಕುಸಿದಾಗ ಮಣ್ಣಿನಡಿ ಸಿಕ್ಕವರಲ್ಲಿ ತಮ್ಮವರು ಯಾರೆಂದು ಅರಿಯಲು ಬದುಕುಳಿದವರು ರಕ್ತ ಕೊಟ್ಟರು.

ಹೆಸರಿಗಾಗಿ ಹೋರಾಡಿದವರೂ ಇದ್ದಾರೆ. ರೋಹಿತ್ ಶೇಖರ್ 2008ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಕೇಳಿದ್ದು, ಹಿರಿಯ ರಾಜಕಾರಣಿ ಎನ್. ಡಿ. ತಿವಾರಿ ತನ್ನ ತಂದೆ ಎಂದು ಸಾರಬೇಕೆಂದು. ತಿವಾರಿ ರಕ್ತ ಕೊಡಲು ಒಪ್ಪಲಿಲ್ಲ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋದ ಮೇಲೆ, 2012ರ ಮೇ ತಿಂಗಳಲ್ಲಿ ಡೆಹ್ರಾಡೂನಿನ ಅವರ ಮನೆಯಲ್ಲೇ ಮಾದರಿ ತೆಗೆದರು. ಜುಲೈನಲ್ಲಿ ವರದಿ ಬಂತು, ತಂದೆ ಅವರೇ. ‘ಇವನು ನನ್ನ ಮಗ’ ಎಂಬ ಮಾತು ಅವರ ಬಾಯಿಂದ ಬರಲು 2014 ಆಯಿತು.

ಅನುಮಾನದ ದಾರಿಯಲ್ಲಿ ಬಂದವರಿಗೆ ಮಾತ್ರ ಕಾನೂನು ಸುಲಭಕ್ಕೆ ಬಾಗಿಲು ತೆರೆಯದು. 1872ರ ಸಾಕ್ಷ್ಯ ಕಾಯ್ದೆಯ 112ನೆಯ ಕಲಮಿನಂತೆ, ಮದುವೆ ಊರ್ಜಿತದಲ್ಲಿದ್ದಾಗ ಹುಟ್ಟಿದ ಮಗು ಗಂಡನದೇ. ಮದುವೆ ಮುರಿದು 280 ದಿನಗಳೊಳಗೆ, ತಾಯಿ ಮರುಮದುವೆಯಾಗದೆ ಇದ್ದಾಗ ಹುಟ್ಟಿದರೂ ಅಷ್ಟೇ. ಆ ಕಾಲದಲ್ಲಿ ಇಬ್ಬರೂ ಕೂಡುವ ಅವಕಾಶವೇ ಇರಲಿಲ್ಲವೆಂದು ತೋರಿಸಿದರೆ ಮಾತ್ರ ಇದು ಬಿದ್ದುಹೋಗುತ್ತದೆ. ಅದರ ಜಾಗಕ್ಕೆ ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೆಯ ಕಲಮೂ ಇದನ್ನೇ ಉಳಿಸಿಕೊಂಡಿದೆ. ನಿಜ, 2014ರಲ್ಲಿ ಸುಪ್ರೀಂ ಕೋರ್ಟು ಕೈಯಲ್ಲಿ ವಿಜ್ಞಾನದ ವರದಿ ಇರುವಾಗ ಕಾನೂನಿನ ಊಹೆ ಹಿಂದೆ ಸರಿಯಬೇಕು ಎಂದಿತು. ಆದರೆ 2023ರಲ್ಲಿ, ಹೆಂಡತಿಯ ವ್ಯಭಿಚಾರ ಸಾಬೀತು ಮಾಡಲು ಮಗುವಿನ ಡಿಎನ್‌ಎ ಬೇಕೆಂದು ಗಂಡನೊಬ್ಬ ಬಂದಾಗ ಅದೇ ಕೋರ್ಟು ಒಪ್ಪಲಿಲ್ಲ. ಆ ಪೀಠದಲ್ಲಿ ನಮ್ಮ ನಾಡಿನವರಾದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಇದ್ದರು. ಮಗುವಿಗೂ ತನ್ನದೇ ಖಾಸಗಿತನವಿದೆ, ಅಪ್ಪ ಅಮ್ಮನ ಜಗಳಕ್ಕೆ ಅದನ್ನು ದಾಳವಾಗಿಸುವಂತಿಲ್ಲ ಎಂಬುದು ಆ ತೀರ್ಪಿನ ಜೀವಾಳ. ಅದು ನೂರಕ್ಕೆ ನೂರು ಸರಿ ಎಂದು ನಾನು ನಂಬುತ್ತೇನೆ. ಹೆಂಡತಿಗೆ ತಿಳಿಯದಂತೆ ಮಲಗಿದ ಮಗುವಿನ ಕೆನ್ನೆಗೆ ಕಡ್ಡಿ ಉಜ್ಜಿ ಅಂಚೆಗೆ ಹಾಕುವವರಿಗೂ ಇದನ್ನೇ ಹೇಳುತ್ತೇನೆ: ದಯವಿಟ್ಟು ಬೇಡ.

ಅನುಮಾನ ಯಾವಾಗಲೂ ಗಂಡನದೇ ಆಗಿರಬೇಕಿಲ್ಲ. ಅಸ್ಸಾಮಿನ ಮಂಗಲ್‌ದೋಯಿ ಪಟ್ಟಣದಲ್ಲಿ 2015ರ ಮಾರ್ಚಿನಲ್ಲಿ ಸರ್ಕಾರಿ ಆಸ್ಪತ್ರೆಯ ಒಂದೇ ಹೆರಿಗೆ ಕೋಣೆಯಲ್ಲಿ ನಿಮಿಷಗಳ ಅಂತರದಲ್ಲಿ ಇಬ್ಬರು ತಾಯಂದಿರು ಗಂಡುಮಕ್ಕಳನ್ನು ಹೆತ್ತರು. ಒಬ್ಬಳು ಮುಸ್ಲಿಂ, ಒಬ್ಬಳು ಬೋಡೋ ಬುಡಕಟ್ಟಿನವಳು. ಮನೆಗೆ ಬಂದ ಕೆಲವೇ ದಿನಗಳಲ್ಲಿ ಮೊದಲನೆಯವಳು ಗಂಡನಿಗೆ ‘ಇದು ನಮ್ಮ ಮಗುವಲ್ಲ’ ಎಂದಳು. ಮಗುವಿನ ಕಣ್ಣು ನೋಡಿದಾಗಲೆಲ್ಲ ಹೆರಿಗೆ ಕೋಣೆಯಲ್ಲಿ ಕಂಡಿದ್ದ ಇನ್ನೊಬ್ಬ ತಾಯಿಯ ಮುಖ ಅವಳಿಗೆ ನೆನಪಾಗುತ್ತಿತ್ತು. ಆಸ್ಪತ್ರೆ ಒಪ್ಪಲಿಲ್ಲ. ಶಿಕ್ಷಕನಾದ ಗಂಡ ಮಾಹಿತಿ ಹಕ್ಕಿನಡಿ ಆ ದಿನದ ಹೆರಿಗೆಗಳ ವಿವರ ತರಿಸಿದ, ಹೈದರಾಬಾದಿಗೆ ಮಾದರಿ ಕಳಿಸಿದ. ಮಗು ಅಪ್ಪನಿಗೂ ಹೊಂದಲಿಲ್ಲ, ಅಮ್ಮನಿಗೂ ಹೊಂದಲಿಲ್ಲ. ಪೊಲೀಸರು ಮಾಡಿಸಿದ ಪರೀಕ್ಷೆಯೂ ಮಕ್ಕಳು ಅದಲುಬದಲಾದದ್ದನ್ನೇ ಹೇಳಿತು.

2018ರ ಜನವರಿಯಲ್ಲಿ ಎರಡೂ ಕುಟುಂಬಗಳು ಮಕ್ಕಳನ್ನು ಬದಲಾಯಿಸಿಕೊಳ್ಳಲೆಂದು ಕೋರ್ಟಿಗೆ ಬಂದವು. ಮೂರು ವರ್ಷ ತುಂಬಲು ಎರಡು ತಿಂಗಳಿತ್ತು. ಮಕ್ಕಳು ಸಾಕಿದ ಮಡಿಲನ್ನು ಬಿಗಿಯಾಗಿ ಹಿಡಿದುಕೊಂಡವು, ಅತ್ತವು, ಬಿಡಲೊಲ್ಲವು. ನಾಲ್ವರೂ ಅದನ್ನು ನೋಡಿದರು. ವರದಿ ಸುಳ್ಳೆಂದು ಯಾರೂ ಹೇಳಲಿಲ್ಲ. ಅದೇ ತಿಂಗಳು ಅವರು ಮತ್ತೆ ಕೋರ್ಟಿಗೆ ಬಂದು, ತಾವು ಸಾಕಿದ ಮಗು ತಮ್ಮ ಹತ್ತಿರವೇ ಇರಲಿ ಎಂದು ಬರೆದುಕೊಟ್ಟರು.